ಷೆಡ್ಯೂಲೋ, ಸ್ಕೆಜೂಲೋ?

ಇಂಗ್ಲೀಷಿನ ಒಂದು ಸಾಧಾರಣ ಶಬ್ದವನ್ನು ಹೇಗೆ ಉಚ್ಚರಿಸಬೇಕೆಂಬುದು ಈ ಪುಟದಲ್ಲಿ ಚರ್ಚಿಸತಕ್ಕಷ್ಟು ಗುರುತರವಾದ ವಿಷಯವೇ ಎಂದು ಕೆಲವರು ಕೇಳಬಹುದು. ವಿಷಯವು ಚಿಕ್ಕದೆಂಬುದನ್ನು ನಾವು ಅರಿಯದವರಲ್ಲ. ಆದರೆ ಇಂತಹ ಚಿಕ್ಕ ವಿಷಯಗಳ ನೆವದಿಂದ ನಮ್ಮ ನಾಡಿನಲ್ಲಿ ದಿನಂಪ್ರತಿ ನಡೆಯುತ್ತಿರುವ ಅನ್ಯಾಯವು ಚಿಕ್ಕದಲ್ಲ. ಕನ್ನಡ ಶಾಲೆಯಲ್ಲಿ ಓದಿ, ಸ್ವಂತ ಪರಿಶ್ರಮದಿಂದ ಇಂಗ್ಲೀಷನ್ನು ಕಲಿತು, ತನ್ನ ವಿಷಯದಲ್ಲಿ ಪ್ರವೀಣನೆನಿಸಿಕೊಂಡ ತರುಣನು ಉದ್ಯೋಗಾರ್ಥಿಯಾಗಿ ನಾಲ್ವರೆದುರು ಕುಳಿತಿರುವಾಗ, ಯಾವುದೋ ಒಂದು ಶಬ್ದವು ಅವರ ರೂಢಿಗಿಂತ ಬೇರೆಯಾಗಿ ಬಾಯಿಂದ ಹೊರಟೊಡನೆ ಅವರ ತುಟಿಯ ಮೇಲೆ ನಗೆಯು ಸುಳಿಯುತ್ತದೆ. ಆ ನಗೆಯನ್ನು ಕಂಡ ಮೇಲೆ ಅವನ ನಾಲಗೆಯು ತೊದಲುತ್ತದೆ. ಬಲ್ಲ ಉತ್ತರವೂ ಮರೆತುಹೋಗುತ್ತದೆ. ವಿದ್ಯೆಯನ್ನು ಅಳೆಯಲು ಕುಳಿತವರು ನಾಲಗೆಯನ್ನು ಅಳೆದು ಕಳುಹಿಸಿಬಿಡುತ್ತಾರೆ. ಹೀಗೆ ನಗುವವರ ಅಧಿಕಾರವು ಎಂತಹ ತಳಹದಿಯ ಮೇಲೆ ನಿಂತಿದೆ ಎಂಬುದನ್ನು ಒಂದೇ ಒಂದು ಶಬ್ದದ ಚರಿತ್ರೆಯಿಂದ ಪರೀಕ್ಷಿಸಿ ನೋಡುವುದು ಈ ಲೇಖನದ ಉದ್ದೇಶ.

ಆ ಶಬ್ದವು ಎಸ್, ಸಿ, ಎಚ್ ಎಂಬ ಮೂರು ಅಕ್ಷರಗಳಿಂದ ಮೊದಲಾಗುವ "ಷೆಡ್ಯೂಲ್". ಬ್ರಿಟಿಷರ ಪದ್ಧತಿಯಂತೆ ಅದರ ಆದಿಯಲ್ಲಿ ಕೇಳಿಬರುವುದು ಷಕಾರ. ಅಮೇರಿಕನರ ಬಾಯಲ್ಲಿ ಅದು "ಸ್ಕೆ" ಎಂದು ಮೊದಲಾಗಿ, ನಡುವಣ ಡ್ಯಕಾರವೂ ಜಕಾರಕ್ಕೆ ತಿರುಗಿ "ಸ್ಕೆಜೂಲ್" ಎಂದಾಗುತ್ತದೆ. ಇಂಗ್ಲೀಷನ್ನು ಅರಿಯದವರ ಬದುಕಿನಲ್ಲಿಯೂ ಇಷ್ಟು ಆಳವಾಗಿ ಹೊಕ್ಕಿರುವ ಪರಭಾಷಾಪದಗಳು ವಿರಳ. ಉಪನೋಂದಣಾಧಿಕಾರಿಗಳ ಕಚೇರಿಗೆ ಬರುವ ಕ್ರಯಪತ್ರದಲ್ಲಿ ಜಮೀನಿನ ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿ ಇವುಗಳನ್ನು ವಿವರಿಸುವ ಭಾಗಕ್ಕೆ "ಷೆಡ್ಯೂಲು" ಎಂದೇ ಹೆಸರು. ಸರ್ಕಾರಿ ಬಸ್ಸುಗಳ ಡಿಪೋವಿನಲ್ಲಿ ಒಂದು ಬಸ್ಸಿನ ದಿನದ ಓಡಾಟಕ್ಕೂ ಅದೇ ಹೆಸರು. ೧೯೩೫ರ ಭಾರತ ಸರ್ಕಾರದ ಕಾಯಿದೆಯಲ್ಲಿ ಕೆಲವು ಜಾತಿಗಳನ್ನು ಪಟ್ಟಿಮಾಡಿ ಹೆಸರಿಸುವುದಕ್ಕೆ ಇದೇ ಶಬ್ದವು ಉಪಯೋಗವಾಯಿತು. ನಾವು ಇಂದು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಎನ್ನುವಲ್ಲಿ "ಪರಿಶಿಷ್ಟ" ಎಂಬುದು ಇದರದೇ ಕನ್ನಡ ರೂಪ. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನಕ್ಕೆ ಇಂತಹ ೮ ಅನುಸೂಚಿಗಳಿದ್ದುವು. ಈಗ ೧೨ ಇವೆ. ಕನ್ನಡವೂ ಸೇರಿ ಮೊದಲು ೧೪ ಭಾಷೆಗಳಿಗೆ, ಈಗ ೨೨ ಭಾಷೆಗಳಿಗೆ ರಾಷ್ಟ್ರದಲ್ಲಿ ಮನ್ನಣೆಯ ಆಸನವನ್ನು ಕೊಟ್ಟಿರುವುದು ಎಂಟನೆಯ ಅನುಸೂಚಿ. ಹೀಗಿರಲು ಈ ಶಬ್ದದ ವಿಚಾರವು ನಮಗೆ ಸಂಬಂಧಪಡದುದೆಂದು ಹೇಳುವಂತಿಲ್ಲ.

ಈ ವಿಷಯದಲ್ಲಿ ನಮ್ಮ ವಿದ್ಯಾವಂತರು ಎರಡು ಪಂಗಡವಾಗಿದ್ದಾರೆ. ಕಚೇರಿಗಳಲ್ಲಿ ಕೂದಲು ನರೆತ ಅಧಿಕಾರಿಗಳೂ ವಕೀಲರೂ ಹಳೆಯ ಅಧ್ಯಾಪಕರೂ "ಷೆ" ಪಕ್ಷದವರು. "ಸ್ಕೆ" ಎಂಬುದು ಅವರ ಕಿವಿಗೆ ಚಲನಚಿತ್ರದಿಂದ ಕಲಿತ ಹುಡುಗಾಟಿಕೆಯ ಮಾತು. ಗಣಕಯಂತ್ರದ ಕಂಪನಿಗಳಲ್ಲಿ ಅಮೇರಿಕದ ಗಿರಾಕಿಗಳೊಡನೆ ವ್ಯವಹರಿಸುವ ತರುಣರು ಬಹುಮಟ್ಟಿಗೆ "ಸ್ಕೆ" ಪಕ್ಷದವರು. "ಷೆ" ಎನ್ನುವವರು ಇವರ ಕಣ್ಣಿಗೆ ಕಾಲದ ಹಿಂದೆ ಉಳಿದವರು. ಮೊದಲನೆಯವರು ಲಂಡನ್ನಿನ ಹೆಸರಿನಲ್ಲಿ ನಗುತ್ತಾರೆ, ಎರಡನೆಯವರು ನ್ಯೂಯಾರ್ಕಿನ ಹೆಸರಿನಲ್ಲಿ ನಗುತ್ತಾರೆ. ಇಬ್ಬರೂ ಸೇರಿ ನಗುವುದು ಹಳ್ಳಿಯಿಂದ ಬಂದು "ಸೆಡ್ಯೂಲು" ಎನ್ನುವ ರೈತನನ್ನು ಕಂಡು. ಈ ಮೂವರಲ್ಲಿ ಯಾರ ಪಕ್ಷವು ಪ್ರಾಚೀನವೆಂಬುದನ್ನು ಈಗ ನೋಡೋಣ.

ಲ್ಯಾಟಿನ್ ಭಾಷೆಯಲ್ಲಿ "ಸ್ಕೆಡಾ" ಎಂದರೆ ಬರೆಯುವುದಕ್ಕೆ ಉಪಯೋಗಿಸುತ್ತಿದ್ದ ಪಪೈರಸ್ ಹಾಳೆ. "ಸ್ಕೆಡುಲಾ" ಎಂದರೆ ಅದರ ಚಿಕ್ಕ ತುಂಡು, ಅಂದರೆ ಚೀಟಿ. ಈ ಪದವು ಫ್ರೆಂಚರ ಬಾಯಿಗೆ ಬಿದ್ದು, ಆದಿಯ ಕಕಾರವನ್ನು ಕಳೆದುಕೊಂಡು, "ಸೆಡ್ಯೂಲ್" ಎಂಬಂತಹ ರೂಪವನ್ನು ಪಡೆಯಿತು. ಇಂಗ್ಲೀಷರಿಗೆ ಇದು ದೊರೆತದ್ದು ಫ್ರೆಂಚರಿಂದ, ಹದಿನಾಲ್ಕನೆಯ ಶತಮಾನದ ಕೊನೆಯ ಹೊತ್ತಿಗೆ. ಅವರು ಅದನ್ನು ಕೇಳಿದಂತೆಯೇ ನುಡಿದರು; ನುಡಿದಂತೆಯೇ ಸಕಾರಕ್ಕೆ ತಕ್ಕ ಒಂದೇ ಅಕ್ಷರವನ್ನು ಆದಿಯಲ್ಲಿಟ್ಟು ಬರೆದರು. ಒಂದು ದೊಡ್ಡ ದಸ್ತೈವಜಿಗೆ ಅಂಟಿಸಿದ ಚಿಕ್ಕ ಚೀಟಿಯೇ ಅವರಿಗೆ ಸೆಡ್ಯೂಲ್. ಕಾಯಿದೆಯ ಕೊನೆಯಲ್ಲಿ ಸೇರಿಸುವ ಪಟ್ಟಿಗೆ ಈ ಹೆಸರು ಬಂದದ್ದು ಈ ಅರ್ಥದಿಂದಲೇ. ಅಮೇರಿಕದಲ್ಲಿ ರೈಲುಗಳ ಕಾಲವು ಬಂದಾಗ ಅದಕ್ಕೆ ವೇಳಾಪಟ್ಟಿ ಎಂಬ ಅರ್ಥವೂ ಕೂಡಿಕೊಂಡಿತು.

ಆ ಮೇಲೆ ವಿದ್ವಾಂಸರ ಕಾಲವು ಬಂದಿತು. ಗ್ರೀಕ್ ಲ್ಯಾಟಿನ್ ಭಾಷೆಗಳ ವ್ಯಾಸಂಗವು ಹೆಚ್ಚಿದಂತೆ, ತಮ್ಮ ಮಾತುಗಳಿಗೆ ಮೂಲದ ವಂಶವೃಕ್ಷವು ಕಾಣಬೇಕೆಂಬ ಆಸೆಯು ಇಂಗ್ಲೀಷ್ ಪಂಡಿತರಲ್ಲಿ ಹುಟ್ಟಿತು. ಸಾಲ ಎಂಬರ್ಥದ "ಡೆಟ್" ಎಂಬ ಶಬ್ದದಲ್ಲಿ ಯಾರೂ ನುಡಿಯದ ಬಕಾರವನ್ನು ಅವರು ತಂದು ಸೇರಿಸಿದ್ದು ಈ ಆಸೆಯಿಂದಲೇ. ಅದೇ ರೀತಿಯಲ್ಲಿ ಸೆಡ್ಯೂಲ್ ಎಂಬುದರ ಆದಿಗೆ ಲ್ಯಾಟಿನ್ನಿನ ಮೂರಕ್ಷರಗಳನ್ನು ಕೂಡಿಸಿದರು. ಆದರೆ ಬರಹವು ಬದಲಾದರೂ ಬಾಯಿ ಬದಲಾಗಲಿಲ್ಲ. ಜನರು ಮೊದಲಿನಂತೆ ಸೆಡ್ಯೂಲ್ ಎಂದೇ ನುಡಿಯುತ್ತಿದ್ದರು. ನುಡಿದಂತೆ ಬರೆಯುವ, ಬರೆದಂತೆ ಓದುವ ಲಿಪಿಯನ್ನುಳ್ಳ ಕನ್ನಡಿಗರಿಗೆ ಇದು ವಿಚಿತ್ರವಾಗಿ ತೋರಬಹುದು. ಇಂದಿನ ವ್ಯಾಜ್ಯಕ್ಕೆಲ್ಲ ಬೀಜವು ಇಲ್ಲಿಯೇ ಇದೆ: ಕಣ್ಣಿಗೆ ಒಂದು, ಕಿವಿಗೆ ಒಂದು ಎಂದಾದ ಮೇಲೆ ಎರಡರೊಳಗೆ ಜಗಳವು ಹುಟ್ಟದೆ ಹೋಗುವುದಿಲ್ಲ.

ಜಾನ್ ವಾಕರ್ ಎಂಬಾತನು ಮೊದಲು ನಟನಾಗಿದ್ದು ಅನಂತರ ವಾಕ್‌ಶಿಕ್ಷಕನಾದವನು. ೧೭೯೧ರಲ್ಲಿ ಅವನು ಲಂಡನ್ನಿನಲ್ಲಿ ಪ್ರಕಟಿಸಿದ ಉಚ್ಚಾರಣಾ ನಿಘಂಟು ಬಹುಕಾಲ ಪ್ರಮಾಣಗ್ರಂಥವಾಗಿತ್ತು. ಆ ನಿಘಂಟಿನಲ್ಲಿ ಈ ಶಬ್ದಕ್ಕೆ ಕೊಟ್ಟಿರುವ ಉಚ್ಚಾರವು ಒಂದೇ, ಅದು "ಸೆಡ್ಯೂಲ್". ೧೭೯೭ರ ಎರಡನೆಯ ಮುದ್ರಣದಲ್ಲಿ ಅವನು ಇನ್ನೂ ಸ್ವಲ್ಪ ವಿಚಾರ ಮಾಡಿದನು. ಶಾಸ್ತ್ರವನ್ನು ನೋಡಿದರೆ ಸ್ಕೆಡ್ಯೂಲ್ ಎನ್ನಬೇಕಾಗುತ್ತದೆ. ಬರಹವನ್ನು ಫ್ರೆಂಚರ ಕ್ರಮದಲ್ಲಿ ಓದಿದರೆ ಷೆಡ್ಯೂಲ್ ಎನ್ನಬೇಕಾಗುತ್ತದೆ. ಆದರೆ ಸೆಡ್ಯೂಲ್ ಎಂಬುದು ರೂಢಿಯಲ್ಲಿ ಕದಲಿಸಲಾರದಷ್ಟು ಬೇರೂರಿದೆ ಎಂಬುದು ಅವನ ಅಭಿಪ್ರಾಯದ ಸಾರಾಂಶ. ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಇಂದು ಅಪ್ಪಟ ಬ್ರಿಟಿಷ್ ಉಚ್ಚಾರವೆನಿಸಿದ "ಷೆಡ್ಯೂಲ್" ಎಂಬುದನ್ನು ಯಾರಾದರೂ ನುಡಿಯುತ್ತಿರುವರೆಂಬುದೇ ವಾಕರನಿಗೆ ಗೊತ್ತಿದ್ದಂತೆ ಕಾಣುವುದಿಲ್ಲ. ಇಂದು ಅಮೇರಿಕದ್ದೆಂದು ನಾವು ತಿಳಿದಿರುವ "ಸ್ಕೆ" ಎಂಬುದನ್ನಾದರೋ ಅವನಿಗಿಂತ ಮೊದಲೇ ಕೆನ್‌ರಿಕ್, ಪೆರಿ, ಬ್ಯುಕಾನನ್ ಎಂಬ ಮೂವರು ಬ್ರಿಟನ್ನಿನ ನಿಘಂಟುಕಾರರೇ ಸಮರ್ಥಿಸಿದ್ದರು.

ಕದಲಿಸಲಾಗದೆಂದು ವಾಕರನು ನಂಬಿದ್ದುದು ಅರ್ಧ ಶತಮಾನ ಕಳೆಯುವುದರೊಳಗೆ ಕದಲಿತು. ೧೮೩೬ರಲ್ಲಿ ಬೆಂಜಮಿನ್ ಸ್ಮಾರ್ಟ್ ಎಂಬಾತನು ವಾಕರನ ಗ್ರಂಥವನ್ನೇ ತಿದ್ದಿ ಹೊಸದಾಗಿ ಪ್ರಕಟಿಸಿದನು. ಅದರಲ್ಲಿ ಷೆಡ್ಯೂಲ್ ಎಂಬುದೊಂದನ್ನೇ ಕೊಟ್ಟನು. ಅದೇ ಗ್ರಂಥದ ಪೀಠಿಕೆಯಲ್ಲಿ, ಗ್ರೀಕ್ ಮೂಲದ ಶಬ್ದವಾದ್ದರಿಂದ ಕ್ರಮಪ್ರಕಾರ ಸ್ಕೆಡ್ಯೂಲ್ ಎಂದಾಗಬೇಕೆಂದೂ ಒಪ್ಪಿಕೊಂಡನು. ನಮ್ಮ ಹಿರಿಯ ಅಧಿಕಾರಿಗಳು ಸನಾತನವೆಂದು ಪೂಜಿಸುತ್ತಿರುವ ಉಚ್ಚಾರವು ಪ್ರಮಾಣಪಟ್ಟವನ್ನೇರಿ ಎರಡು ಶತಮಾನವೂ ಸಲ್ಲಲಿಲ್ಲ.

ಇನ್ನು ಅಮೇರಿಕದ ಕಡೆಗೆ ಬರೋಣ. ಅಲ್ಲಿಯ ಕಥೆಯು ರಾಷ್ಟ್ರಾಭಿಮಾನಿಗಳೆಲ್ಲರೂ ಕೇಳತಕ್ಕದ್ದು. ಬ್ರಿಟನ್ನು ೧೭೮೩ರ ಪ್ಯಾರಿಸ್ ಒಪ್ಪಂದದಲ್ಲಿ ಅಮೇರಿಕದ ಸ್ವಾತಂತ್ರ್ಯವನ್ನು ಅಂಗೀಕರಿಸಿತು. ಅದೇ ವರ್ಷದಲ್ಲಿ ನೋವಾ ವೆಬ್‌ಸ್ಟರ್ ಎಂಬ ಶಾಲಾಶಿಕ್ಷಕನು ಮಕ್ಕಳಿಗಾಗಿ ಒಂದು ಕಾಗುಣಿತದ ಪುಸ್ತಕವನ್ನು ಹೊರಡಿಸಿದನು. ರಾಜ್ಯವು ಬೇರೆಯಾದ ಮೇಲೂ ನುಡಿಗಾಗಿ ಲಂಡನ್ನಿನ ಆಜ್ಞೆಯನ್ನು ಕಾಯುತ್ತಿರುವುದು ಸ್ವತಂತ್ರ ಜನತೆಗೆ ತಕ್ಕುದಲ್ಲವೆಂಬುದು ಅವನ ದೃಢವಾದ ನಂಬಿಕೆ. ೧೭೮೯ರಲ್ಲಿ ಪ್ರಕಟವಾದ ಅವನ ಭಾಷಾಪ್ರಬಂಧಗಳಲ್ಲಿ ಈ ವಾದವೇ ಮುಖ್ಯ. ೧೮೨೮ರಲ್ಲಿ ೭೦,೦೦೦ ಶಬ್ದಗಳ ಅವನ ಅಮೇರಿಕನ್ ನಿಘಂಟು ಹೊರಬಿದ್ದಿತು. ನಮ್ಮ ಶಬ್ದವು "ಸ್ಕೀಮ್" ಮೊದಲಾದುವುಗಳ ಮಾದರಿಯನ್ನೇ ಅನುಸರಿಸಬೇಕೆಂದು ಅದರಲ್ಲಿ ಅವನು ನಿರ್ಣಯವಿತ್ತನು. ಅವನ ಮಾತು ಅಲ್ಲಿ ಶಾಸನವಾಯಿತು. ವೆಬ್‌ಸ್ಟರನ ಎಲ್ಲ ಸೂಚನೆಗಳನ್ನೂ ಅವನ ಜನರು ಒಪ್ಪಿದರೆಂದಲ್ಲ. ನಾಲಗೆ, ಹೆಂಗಸರು ಎಂಬರ್ಥದ ಶಬ್ದಗಳಿಗೆ ಅವನು ಸೂಚಿಸಿದ ಹೊಸ ಕಾಗುಣಿತಗಳನ್ನು ಅವರು ನಿರಾಕರಿಸಿದರು. ತಮಗೆ ಹೊಂದುವುದನ್ನು ಇಟ್ಟುಕೊಂಡು ಉಳಿದುದನ್ನು ಬಿಟ್ಟರು. ಇಂಗ್ಲೆಂಡಿನಲ್ಲಿ ಜನರು ಹೇಗೆ ನುಡಿಯುತ್ತಾರೆಂದು ನಡುವೆ ಕೇಳಿಕೊಂಡು ಬರಲಿಲ್ಲ. ನಿಘಂಟುಗಳ ಸಾಕ್ಷ್ಯವನ್ನೇ ಹಿಡಿದರೆ ವೆಬ್‌ಸ್ಟರನ "ಸ್ಕೆ"ಯು ಸ್ಮಾರ್ಟನ "ಷೆ"ಗಿಂತ ೮ ವರ್ಷ ಹಿರಿದು!

ಇಂಗ್ಲೆಂಡಿನವರಾದರೂ ತಮ್ಮ ನುಡಿಯ ವಿಷಯದಲ್ಲಿ ನಿಶ್ಚಿಂತರಾಗಿದ್ದರೆಂದು ತಿಳಿಯಬಾರದು. ಬಿ.ಬಿ.ಸಿ. ಸಂಸ್ಥೆಯವರು ವಾರ್ತೆಗಳನ್ನು ಓದುವವರಿಗಾಗಿ ಉಚ್ಚಾರಗಳನ್ನು ನಿರ್ಣಯಿಸಲು ೧೯೨೬ರಲ್ಲಿ ಒಂದು ಸಲಹಾಸಮಿತಿಯನ್ನು ನೇಮಿಸಬೇಕಾಯಿತು. ಅದಕ್ಕೆ ಮೊದಲು ರಾಬರ್ಟ್ ಬ್ರಿಜಸ್ ಕವಿಯೂ ಅನಂತರ ಬರ್ನಾರ್ಡ್ ಷಾ ಅವರೂ ಅಧ್ಯಕ್ಷರಾಗಿದ್ದರು. ಷಾ ಅವರು ಹುಟ್ಟಿನಿಂದ ಐರ್ಲೆಂಡಿನವರೆಂಬುದು ಸ್ಮರಣೀಯ. ಈಗಂತೂ ಇಂಗ್ಲೆಂಡಿನ ತರುಣರಲ್ಲಿಯೇ "ಸ್ಕೆ" ಎನ್ನುವವರು ಹೆಚ್ಚುತ್ತಿದ್ದಾರೆ. ಬ್ರಿಟಿಷರ ಮೊಮ್ಮಕ್ಕಳು ಬಿಡುತ್ತಿರುವ ಉಚ್ಚಾರವನ್ನು ಬ್ರಿಟಿಷರ ಹೆಸರಿನಲ್ಲಿ ಕಾಪಾಡುವ ಭಾರವು ಬೆಂಗಳೂರಿನ ಕಚೇರಿಗಳ ಪಾಲಿಗೆ ಬಂದಿರುವುದು ಸೋಜಿಗವೇ ಸರಿ.

ಬರಹದ ನಿಯಮವನ್ನು ಮುಂದಿಟ್ಟು ಇದನ್ನು ತೀರ್ಮಾನಿಸುವೆವೆಂದರೆ ಅದೂ ಸಾಧ್ಯವಿಲ್ಲ. ಅವೇ ಮೂರಕ್ಷರಗಳು ಸ್ಕೂಲ್, ಸ್ಕೀಮ್, ಸ್ಕಾಲರ್ ಎಂಬಲ್ಲಿ ಸ್ಕಕಾರವಾಗುತ್ತವೆ. ಭೇದ, ಒಡಕು ಎಂಬರ್ಥದ "ಸಿಸಂ" ಎಂಬಲ್ಲಿ ಹಿಂದಿನವರಿಗೆ ಬರಿಯ ಸಕಾರ, ಈಗಿನವರಲ್ಲಿ ಅನೇಕರಿಗೆ ಸ್ಕಕಾರ. "ಸ್ಕೆಜೂಲ್ ಎನ್ನುವುದನ್ನು ಎಲ್ಲಿ ಕಲಿತೆ?" ಎಂದು ಆಂಗ್ಲನು ಕೇಳಿದರೆ "ಷೂಲಿನಲ್ಲಿ" ಎಂದು ಅಮೇರಿಕನು ಉತ್ತರಿಸಿದನೆಂಬ ಹಳೆಯ ವಿನೋದವೊಂದುಂಟು. ವಿನೋದವಾದರೂ ಅದರಲ್ಲಿರುವ ತರ್ಕಕ್ಕೆ ಆಂಗ್ಲನಲ್ಲಿ ಉತ್ತರವಿಲ್ಲ.

ಈಗ ನಮ್ಮ ರೈತನ ಕಡೆಗೆ ತಿರುಗೋಣ. ಶಿವನನ್ನು "ಸಿವ" ಎನ್ನುವ ಅವನ ನಾಲಗೆಯು ಷೆಡ್ಯೂಲನ್ನು "ಸೆಡ್ಯೂಲು" ಎನ್ನುತ್ತದೆ. ನೋಂದಣಿಯ ಕಚೇರಿಯಲ್ಲಿ ಗುಮಾಸ್ತನು ಅದನ್ನು ಕೇಳಿ ನಗುತ್ತಾನೆ. ಆದರೆ ಇಂಗ್ಲೀಷರು ನಾಲ್ಕು ಶತಮಾನಗಳ ಕಾಲ ನುಡಿದದ್ದೂ, ವಾಕರನು ಪ್ರಮಾಣವೆಂದು ಬರೆದಿಟ್ಟದ್ದೂ ಅದನ್ನೇ. ಮೂವರಲ್ಲಿ ಹಳೆಯ ಇಂಗ್ಲೀಷಿಗೆ ಸಮೀಪನಾಗಿರುವವನು ಇಂಗ್ಲೀಷೇ ಬಾರದ ಈ ಮನುಷ್ಯನು! ಅವನು ಅದನ್ನು ಲಂಡನ್ನಿನಿಂದ ಕಲಿತವನಲ್ಲ. ಕನ್ನಡದ ನಡೆಯೇ ಅದನ್ನು ಅವನಿಗೆ ಕಲಿಸಿದೆ. ಸಂಸ್ಕೃತದ ಶಕಾರ ಷಕಾರಗಳು ಕನ್ನಡದ ಬಾಯಿಗೆ ಬಂದಾಗ ಸಕಾರವಾಗುವುದನ್ನು ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ಲಕ್ಷಣವಾಗಿಯೇ ಹೇಳಿದ್ದಾನೆ. ಆಕಾಶವು ಆಗಸವಾದದ್ದೂ ಶಶಿಯು ಸಸಿಯಾದದ್ದೂ ಈ ನಿಯಮದಿಂದ. ದೇವಭಾಷೆಯ ಶಬ್ದಗಳನ್ನೇ ತನ್ನ ಹದಕ್ಕೆ ತಂದುಕೊಂಡು ತದ್ಭವವೆಂದು ಗೌರವಿಸಿದ ಭಾಷೆಯು, ಪರದೇಶದ ಒಂದು ಚೀಟಿಯ ಹೆಸರನ್ನು ತನ್ನ ರೀತಿಯಲ್ಲಿ ನುಡಿದುದಕ್ಕಾಗಿ ನಾಚಬೇಕೆ? ನಮ್ಮ ಹಾಲು ಒಂದು ಕಾಲಕ್ಕೆ "ಪಾಲ್" ಆಗಿತ್ತು. ಪಕಾರವು ಹಕಾರವಾದ ಮಾತ್ರದಿಂದ ಹಾಲು ಒಡೆಯಲಿಲ್ಲ.

ಉಚ್ಚಾರದ ಹೆಸರಿನಲ್ಲಿ ಜನರನ್ನು ಮೇಲು ಕೀಳೆಂದು ವಿಂಗಡಿಸುವ ಪದ್ಧತಿಯು ನಮ್ಮಲ್ಲಿ ಮೊದಲು ಹುಟ್ಟಿದುದಲ್ಲ. ವಾಕರನ ನಿಘಂಟಿನ ಮುಖಪತ್ರದಲ್ಲಿಯೇ, ಸ್ಕಾಟ್ಲೆಂಡ್, ಐರ್ಲೆಂಡ್ ಮತ್ತು ಲಂಡನ್ನಿನವರು ತಂತಮ್ಮ ವಿಶೇಷಗಳನ್ನು ಬಿಡುವುದಕ್ಕೆ ಅನುಸರಿಸತಕ್ಕ ನಿಯಮಗಳು ಈ ಗ್ರಂಥದಲ್ಲಿವೆ ಎಂಬ ಪ್ರಕಟಣೆಯಿತ್ತು. ಅವನಿಗಿಂತ ಮುಂಚೆ, ೧೭೬೧ರಲ್ಲಿ, ಐರ್ಲೆಂಡಿನ ನಟನಾದ ಥಾಮಸ್ ಶೆರಿಡನ್ ಎಂಬಾತನು ಎಡಿನ್‌ಬರೋ ನಗರಕ್ಕೆ ಹೋಗಿ ಸ್ಕಾಟರಿಗೆ ಶುದ್ಧವಾದ ಇಂಗ್ಲೀಷಿನ ಮೇಲೆ ಉಪನ್ಯಾಸಗಳನ್ನು ಕೊಟ್ಟಿದ್ದನು. ಲಂಡನ್ನಿನಲ್ಲಿ ಅಧಿಕಾರವಿದ್ದುದರಿಂದ ಲಂಡನ್ನಿನ ದೊಡ್ಡ ಮನೆಗಳ ಮಾತು ಶುದ್ಧವೆನಿಸಿತು. ತೊಂಬತ್ತರ ದಶಕದ ಕೊನೆಯಿಂದ ಬೆಂಗಳೂರಿನಲ್ಲಿ ದೂರವಾಣಿಯ ಸೇವಾಕೇಂದ್ರಗಳು ಬೆಳೆದಾಗ, ನಮ್ಮ ತರುಣ ತರುಣಿಯರು ರಾತ್ರಿಯೆಲ್ಲಾ ಎಚ್ಚತ್ತು, ಅಮೇರಿಕನರ ಸ್ವರವನ್ನು ಅಭ್ಯಾಸಮಾಡಿ, ಎಷ್ಟೋ ಕಡೆ ತಂದೆ ತಾಯಿಗಳಿಟ್ಟ ಹೆಸರನ್ನೂ ಬಿಟ್ಟು ಪರದೇಶದ ಹೆಸರನ್ನಿಟ್ಟುಕೊಂಡು ಮಾತನಾಡಿದರು. ಹೊಟ್ಟೆಯ ಪಾಡಿಗಾಗಿ ಹಾಗೆ ಮಾಡಿದವರನ್ನು ನಾವು ನಿಂದಿಸುವುದಿಲ್ಲ. ಅಧಿಕಾರವು ಸಾಗರವನ್ನು ದಾಟಿದಾಗ ಶುದ್ಧವಾದ ಉಚ್ಚಾರವೂ ಅದರ ಹಿಂದೆಯೇ ದಾಟಿತೆಂಬುದನ್ನು ಮಾತ್ರ ಓದುಗರ ಗಮನಕ್ಕೆ ತರುತ್ತೇವೆ.

ಹಾಗಾದರೆ ಉಚ್ಚಾರದಲ್ಲಿ ಶುದ್ಧಾಶುದ್ಧವೆಂಬುದೇ ಇಲ್ಲವೇ, ಯಾರು ಹೇಗೆ ನುಡಿದರೂ ಒಪ್ಪಬೇಕೇ ಎಂದು ಅಧ್ಯಾಪಕರು ಕೇಳಬಹುದು. ಪ್ರಶ್ನೆಯು ನ್ಯಾಯವಾದದ್ದೇ. ಮಾತು ಇರುವುದು ಅರ್ಥವಾಗುವುದಕ್ಕೆ. ಉಪಾಹಾರವೆಂಬರ್ಥದ "ಸ್ನ್ಯಾಕ್ಸ್" ಎನ್ನಬೇಕಾದ ಕಡೆ "ಸ್ನೇಕ್ಸ್" ಎಂದರೆ ಅತಿಥಿಗಳ ಮುಂದೆ ಹಾವುಗಳನ್ನು ಬಡಿಸಿದಂತಾಗುತ್ತದೆ, ಅದನ್ನು ತಿದ್ದಲೇಬೇಕು. ಸ್ಪಷ್ಟತೆಯನ್ನು ಕೆಡಿಸುವ ಉಚ್ಚಾರವನ್ನು ತಿದ್ದುವುದು ಗುರುಗಳ ಧರ್ಮ. ಷೆಡ್ಯೂಲ್ ಎಂದರೂ ಸ್ಕೆಜೂಲ್ ಎಂದರೂ ಸೆಡ್ಯೂಲು ಎಂದರೂ ಕೇಳಿದವರಿಗೆ ಬೇರೊಂದು ವಸ್ತುವಿನ ಭ್ರಾಂತಿಯು ಹುಟ್ಟುವುದಿಲ್ಲ. ಎಲ್ಲಿ ಅರ್ಥಕ್ಕೆ ಹಾನಿಯಿಲ್ಲವೋ ಅಲ್ಲಿ ನಗೆಗೆ ಅವಕಾಶವಿಲ್ಲ. ಶಾಲೆಯಲ್ಲಿ ಎರಡೂ ಸಾಧುವೆಂದು ತಿಳಿಸಿ, ಒಂದನ್ನು ಆರಿಸಿಕೊಂಡು ನಿಸ್ಸಂಕೋಚವಾಗಿ ನುಡಿಯುವಂತೆ ಮಕ್ಕಳಿಗೆ ಹೇಳಿಕೊಟ್ಟರೆ ಸಾಕು. ಉದ್ಯೋಗಾರ್ಥಿಗಳನ್ನು ಪರೀಕ್ಷಿಸುವವರು, ಸರ್ಕಾರದವರಾಗಲಿ ಕಂಪನಿಯವರಾಗಲಿ, "ಹೇಳಿದ್ದು ಅರ್ಥವಾಯಿತೇ?" ಎಂಬ ಒಂದೇ ಒರೆಗಲ್ಲನ್ನು ಇಟ್ಟುಕೊಳ್ಳಬೇಕು.

ಉಚ್ಚಾರಕ್ಕಿಂತ ಸಾವಿರ ಪಾಲು ಮುಖ್ಯವಾದ ಮತ್ತೊಂದು ಮಾತುಂಟು. ಕ್ರಯಪತ್ರಕ್ಕೆ ಹೆಬ್ಬೆಟ್ಟನ್ನೊತ್ತುವ ಅಥವಾ ರುಜು ಹಾಕುವ ರೈತನಿಗೆ ಆ ಕಾಗದದ ಪ್ರಾಣವು ಷೆಡ್ಯೂಲಿನಲ್ಲಿದೆ ಎಂಬ ತಿಳಿವಳಿಕೆಯುಂಟೆ? ಎಷ್ಟು ಎಕರೆ ಎಷ್ಟು ಗುಂಟೆ, ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾವ ಹಳ್ಳ ಎಂಬ ವಿವರವು ಅಲ್ಲಿಯೇ ಇರುವುದು. ಅಲ್ಲಿ ಒಂದು ಅಂಕಿಯು ತಪ್ಪಿದರೆ ಮಕ್ಕಳ ಕಾಲದವರೆಗೂ ನ್ಯಾಯಾಲಯದ ಮೆಟ್ಟಿಲನ್ನು ಹತ್ತಬೇಕಾಗುತ್ತದೆ. ನಮ್ಮ ಕಾಯಿದೆಗಳ ಕನ್ನಡ ಪಾಠದಲ್ಲಿ ಇದಕ್ಕೆ ಅನುಸೂಚಿ ಎಂಬ ಹೆಸರು ಆಗಲೇ ಇದೆ. ರೈತನ ಪತ್ರದಲ್ಲಿ "ಸ್ವತ್ತಿನ ವಿವರ" ಎಂದು ಬರೆದರೆ ಇನ್ನೂ ತಿಳಿಯಾದೀತು. ಶಬ್ದವನ್ನು ಹೇಗೆ ನುಡಿದನೆಂದು ನಗುವ ಗುಮಾಸ್ತರೂ ಪತ್ರ ಬರಹಗಾರರೂ ಆ ಒಂದು ನಿಮಿಷವನ್ನು ಆ ಭಾಗವನ್ನು ಅವನಿಗೆ ಗಟ್ಟಿಯಾಗಿ ಓದಿ ಹೇಳುವುದರಲ್ಲಿ ಕಳೆದರೆ ಅವರಿಗೆ ಪುಣ್ಯ ಬರುತ್ತದೆ. ಅವನ ಭೂಮಿಯು ಉಳಿಯುತ್ತದೆ.

ವೆಬ್‌ಸ್ಟರನಿಂದ ನಾವು ಕಲಿಯತಕ್ಕದ್ದು ಅವನ ಸ್ಕಕಾರವನ್ನಲ್ಲ. ಅದನ್ನು ಮಾತ್ರ ಕಲಿತರೆ ಲಂಡನ್ನಿನ ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಂಡು ನ್ಯೂಯಾರ್ಕಿಗೆ ಸಲ್ಲಿಸಿದಷ್ಟೇ ಆಗುತ್ತದೆ. ತನ್ನ ಜನರ ಬಾಯಿಗೆ ಬೇರೊಬ್ಬರ ಅಪ್ಪಣೆಯು ಬೇಕಿಲ್ಲವೆಂಬ ಅವನ ಧೈರ್ಯವನ್ನು ನಾವು ಕಲಿಯಬೇಕು. ಇಂಗ್ಲೀಷು ನಮಗೆ ಬೇಕು. ಅದನ್ನು ಸ್ಪಷ್ಟವಾಗಿ, ವ್ಯಾಕರಣಬದ್ಧವಾಗಿ, ತಲೆಯೆತ್ತಿ ಆಡೋಣ. ಕನ್ನಡಿಗನ ಬಾಯಲ್ಲಿ ಅದು ಕನ್ನಡಿಗನ ಇಂಗ್ಲೀಷಾಗಿ ಕೇಳಿಸಿದರೆ ಅದರಲ್ಲಿ ಕುಂದೇನೂ ಇಲ್ಲ. ಇನ್ನು ಮೇಲೆ ಯಾರಾದರೂ ತಮ್ಮೆದುರಿನ ಬಡ ತರುಣನ ಒಂದು ಶಬ್ದವನ್ನು ಕೇಳಿ ನಗುವುದಕ್ಕೆ ಮೊದಲು, ತಮ್ಮ ಬಾಯಲ್ಲಿರುವ ಉಚ್ಚಾರಕ್ಕೆ ಎಷ್ಟು ವಯಸ್ಸಾಯಿತೆಂಬುದನ್ನು ಒಂದು ಸಲ ಲೆಕ್ಕಹಾಕಿ ನೋಡಲಿ.